ಮಾವನವರು ಮನಾಲಿಯಲ್ಲಿ ಕಂಡ ಜರ್ಮನಿ

ನಮ್ಮ ಕಟ್ಟಡದ ಮೆಟ್ಟಿಲ ಕೆಳಗೆ ಒಂದು ಸಲಿಕೆ ಇದೆ. ಹಸಿರು ಪ್ಲಾಸ್ಟಿಕ್ಕಿನದು, ಮೊರದಷ್ಟು ಅಗಲ, ಉದ್ದನೆಯ ಮರದ ಹಿಡಿ. ಜರ್ಮನಿಯ ಎರ್ಲಾಂಗೆನ್ನಿನಲ್ಲಿ ಬಾಡಿಗೆಗೆ ಇರುವ ಯಾರನ್ನು ಕೇಳಿದರೂ ಇಂಥದೊಂದು ಸಲಿಕೆಯ ಬಗ್ಗೆ ನಿಟ್ಟುಸಿರು ಬಿಡುತ್ತಾರೆ. ಚಳಿಗಾಲದಲ್ಲಿ ಹಿಮ ಬಿದ್ದರೆ ಮನೆಯ ಮುಂದಿನ ಕಾಲುದಾರಿಯನ್ನು ಜನ ಓಡಾಡುವ ಹೊತ್ತಿಗೆ ಬಾಚಿ ಚೊಕ್ಕಟವಾಗಿಡಬೇಕು. ಅದಕ್ಕೆ ಇಲ್ಲಿ ವಿಂಟರ್‌ಡೀನ್ಸ್ಟ್ ಎಂದು ಹೆಸರು. ಈ ವಾರ ಕೆಳಮನೆಯವರದು, ಮುಂದಿನ ವಾರ ನಮ್ಮದು, ಹೀಗೆ ಸರದಿ. ಯಾರಾದರೂ ಜಾರಿ ಬಿದ್ದು ಸೊಂಟ ಮುರಿದುಕೊಂಡರೆ ಆ ವಾರದ ಸರದಿಯವನ ಗತಿ ಗೋವಿಂದ. ಹಾಗಾಗಿ ನವೆಂಬರ್ ಬಂತೆಂದರೆ ನಮ್ಮ ಕಟ್ಟಡದವರೆಲ್ಲ ಆಕಾಶ ನೋಡಿ, ಹಿಮ ಬೀಳುವುದಾದರೆ ಬೀಳಲಿ, ಆದರೆ ನಮ್ಮ ವಾರ ಮಾತ್ರ ಬೇಡ ಎಂದು ಬೇಡಿಕೊಳ್ಳುತ್ತಾರೆ.

ಆ ಸಲಿಕೆಯನ್ನು ಪ್ರೀತಿಯಿಂದ ನೋಡಿದವರು ಒಬ್ಬರೇ. ಅವರು ನನ್ನ ಮಾವ, ಬಳ್ಳಾರಿಯ ಪಂಪಾಪತಿ ಮೇಷ್ಟ್ರು.

ಮಾವನವರು ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟವರು. ಬಳ್ಳಾರಿಯಲ್ಲಿ ನಿಂತುಕೊಂಡು ಹಿಮಾಲಯದ ಪಾಠ ಮಾಡುವುದು ಎಂಥ ಕಷ್ಟದ ಕೆಲಸ ಎಂಬುದು ಆ ಊರಿನ ಏಪ್ರಿಲ್ ಕಂಡವರಿಗೆ ಗೊತ್ತು. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸಿ ತಿರುಗಿಸಿ ಮುಖಕ್ಕೆ ಎಸೆಯುತ್ತದೆ, ನಲ್ಲಿಯಲ್ಲಿ ಬರುವ ನೀರಿಗೆ ಬೇಳೆ ಹಾಕಿದರೆ ಅರ್ಧ ಬೇಯುತ್ತದೆ. ಅಂಥಲ್ಲಿ ಅಂಗಿ ಬೆನ್ನಿಗೆ ಅಂಟಿಸಿಕೊಂಡು ಕೂತ ಮಕ್ಕಳಿಗೆ ಮಾವ ಹಿಮರೇಖೆ ಎಂದರೇನು ಎಂದು ವಿವರಿಸುತ್ತಿದ್ದರು. ಪ್ರತಿವರ್ಷ ಹಿಂದಿನ ಬೆಂಚಿನಿಂದ ಒಬ್ಬನಾದರೂ ಎದ್ದು, "ಸಾರ್, ನೀವು ಹಿಮ ನೋಡೀರೇನ್ ಸಾರ್?" ಎಂದು ಕೇಳುತ್ತಿದ್ದನಂತೆ. "ಅದು ಪರೀಕ್ಷೆಗೆ ಬರಲ್ಲ, ಕುಂದ್ರು" ಎಂದು ಇವರು ಗದರುತ್ತಿದ್ದರಂತೆ.

ಇದನ್ನು ಅವರು ನನಗೆ ಹೇಳಿದ್ದು ಎರಡು ಚಳಿಗಾಲದ ಹಿಂದೆ, ನಮ್ಮಲ್ಲಿಗೆ ಬಂದಾಗ, ಅಡುಗೆಮನೆಯ ಕಿಟಕಿಯ ಹತ್ತಿರ ಕಾಫಿ ಕುಡಿಯುತ್ತ.

"ನೋಡ್ರಿ ಅಳಿಯಂದ್ರೇ, ನೌಕರಿ ಪೂರಾ ಬೋರ್ಡಿನ ಮ್ಯಾಲೆ ಬಿಳೇ ಗೆರಿ ಎಳದು ಇದು ಹಿಮ, ಇದು ಹಿಮ ಅಂತ ಹೇಳೀನಿ. ಆ ಸೀಮೆಸುಣ್ಣದ ಪುಡಿ ಬಿಟ್ಟರ ಬ್ಯಾರೆ ಹಿಮ ನನ್ನ ಮೈಮ್ಯಾಲೆ ಬಿದ್ದಿಲ್ಲ. ಈ ಸಲ ಬಿದ್ದೇ ಬೀಳತೈತಿ."

ನನಗೆ ಅವರ ಆಸೆ ಅರ್ಥವಾಗದೆ ಇರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಮೈಸೂರಿನವರು ಚಳಿಯ ವಿಷಯದಲ್ಲಿ ಸ್ವಲ್ಪ ನಾಟಕದವರು. ಡಿಸೆಂಬರಿನಲ್ಲಿ ಒಂದು ಸಣ್ಣ ತಂಗಾಳಿ ಬೀಸಿದರೆ ಸಾಕು, ನಮ್ಮ ಬೀದಿಯ ಗಂಡಸರೆಲ್ಲ ಮಂಕಿ ಕ್ಯಾಪು ಏರಿಸಿ, ಕಣ್ಣು ಮೂಗು ಮಾತ್ರ ಬಿಟ್ಟುಕೊಂಡು ಹಾಲಿನ ಬೂತಿಗೆ ಹೊರಡುತ್ತಿದ್ದರು. ಹಿಮ ಎಂದರೆ ನನ್ನ ಬಾಲ್ಯದಲ್ಲಿ ಎದುರುಮನೆಯ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟುತ್ತಿದ್ದ ಬಿಳಿ ಗಡ್ಡೆ. ಅದು ಇಡೀ ಬೀದಿಗೆ ಒಂದೇ ಫ್ರಿಜ್ಜು. ಆ ಮನೆಯ ರಾಜಮ್ಮನವರು ತಿಂಗಳಿಗೊಮ್ಮೆ ಅದನ್ನು ಆರಿಸಿ, ಚಮಚದಲ್ಲಿ ಕೆರೆದು, ಬಟ್ಟಲಿಗೆ ಹಾಕಿ, ಮೇಲೆ ಸಕ್ಕರೆ ಉದುರಿಸಿ ಮಕ್ಕಳಿಗೆಲ್ಲ ಹಂಚುತ್ತಿದ್ದರು. ಅದಕ್ಕೆ ಒಂಚೂರು ಹಸಿಮೆಣಸಿನಕಾಯಿಯ ವಾಸನೆ ಇರುತ್ತಿತ್ತು. ಬಹಳ ವರ್ಷಗಳ ತನಕ ಹಿಮಾಲಯಕ್ಕೂ ಆ ವಾಸನೆಯೇ ಇರಬೇಕು ಎಂದು ನಾನು ನಂಬಿದ್ದೆ.

ಇರಲಿ, ಮಾವನವರ ವಿಷಯಕ್ಕೆ ಬರೋಣ. ಅವರು ಚಳಿಗಾಲ ಪೂರ್ತಿ ನಮ್ಮೊಂದಿಗೆ ಇದ್ದರು. ಅತ್ತೆಯವರು, "ಫ್ರಿಜ್ಜಿನಾಗಿನ ತರಕಾರಿ ಆಗೋ ಆಸೆ ನನಗಿಲ್ಲ" ಎಂದು ಬಳ್ಳಾರಿಯಲ್ಲೇ ಮಗನ ಮನೆಯಲ್ಲಿ ಉಳಿದರು. ಮಾವನವರಿಗೆಂದು ನನ್ನ ಹೆಂಡತಿ ಶೈಲಾ ಒಂದು ನೀಲಿ ಜಾಕೆಟ್ ಕೊಂಡಳು. ಬೆಳಿಗ್ಗೆ ಎದ್ದವರೇ ಅವರು ಅದನ್ನು ತೊಟ್ಟು, ಮಂಕಿ ಕ್ಯಾಪು ಹಾಕಿ, ಕೆಳಗಿಳಿದು ಆ ಹಸಿರು ಸಲಿಕೆಯನ್ನು ಒಮ್ಮೆ ಮುಟ್ಟಿ, ಬಾಗಿಲು ತೆಗೆದು ಆಕಾಶ ನೋಡುತ್ತಿದ್ದರು. ಆಕಾಶದಿಂದ ಸಣ್ಣಗೆ ಮಳೆ ಬರುತ್ತಿತ್ತು. ಜಿಟಿಜಿಟಿ ಮಳೆ, ಕೊಳೆತ ಎಲೆ, ಪ್ಲಾಸ್ಟಿಕ್ ಕವರು ಹೊದ್ದು ಸೈಕಲ್ ತುಳಿಯುವ ಎಂಜಿನಿಯರುಗಳು, ಇಷ್ಟೇ ಆ ವರ್ಷದ ನಮ್ಮ ಚಳಿಗಾಲ.

ಕೆಳಮನೆಯಲ್ಲಿ ಫ್ರೌ ಲಿಂಡ್ನರ್ ಎಂಬ ಮುದುಕಿ ಇದ್ದಾರೆ. ಮೊಣಕಾಲು ನೋವು. ಇಡೀ ಕಟ್ಟಡದ ಸರದಿಯನ್ನು ತಾವೊಬ್ಬರೇ ಮಾಡುವುದಾಗಿ ಮಾವನವರು ನನ್ನ ಬಾಯಿಂದ ಆಕೆಗೆ ಹೇಳಿಸಿದರು. ಆಕೆ ಕಣ್ಣಲ್ಲಿ ನೀರು ತಂದುಕೊಂಡು ಒಂದು ಡಬ್ಬಿ ಬಿಸ್ಕತ್ತು ಕೊಟ್ಟರು. ಇಷ್ಟು ಒಳ್ಳೆಯ ಮನುಷ್ಯ ಈ ವಯಸ್ಸಿನಲ್ಲಿ ಸಲಿಕೆ ಹಿಡಿಯುವಂತಾಗಬಾರದು, ಆದ್ದರಿಂದ ಹಿಮವೇ ಬೀಳದಿರಲಿ ಎಂದು ಭಾನುವಾರ ಚರ್ಚಿನಲ್ಲಿ ಬೇಡಿಕೊಂಡೆ ಎಂದೂ ಆಮೇಲೆ ತಿಳಿಸಿದರು. ಮಾವನವರು ಅದೇ ಹೊತ್ತಿಗೆ ನಮ್ಮ ದೇವರ ಕಪಾಟಿನ ಮುಂದೆ ಊದುಬತ್ತಿ ಹಚ್ಚಿ ಹಿಮಕ್ಕಾಗಿ ಬೇಡಿಕೊಳ್ಳುತ್ತಿದ್ದರು. ಫ್ರೌ ಲಿಂಡ್ನರ್ ಈ ಊರಿನವರೇ ಆದದ್ದರಿಂದ ಅವರ ಮಾತು ಮೊದಲು ತಲುಪಿತೆಂದು ಕಾಣುತ್ತದೆ.

ಹಿಮ ಬೀಳದಿದ್ದರೆ ಏನಾಯಿತು ಎಂದು ನೀವು ಕೇಳಬಹುದು. ಆಗುವುದು ಬಹಳ ಇತ್ತು. ಬಳ್ಳಾರಿಯ ಮೈದಾನದಲ್ಲಿ ಮಾವನವರದೊಂದು ವಾಕಿಂಗ್ ಬಳಗ ಇದೆ. ಎರಡು ಸುತ್ತು ನಡೆದು, ಕಟ್ಟೆಯ ಮೇಲೆ ಕೂತು, ಎಂಟು ಸುತ್ತು ಮಾತಾಡುವ ನಿವೃತ್ತರು. ಅದರಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಕೊಟ್ರೇಶಪ್ಪ ಎಂಬವರು ಯಾವುದನ್ನೂ ಸಾಕ್ಷಿ ಇಲ್ಲದೆ ನಂಬದ ಮನುಷ್ಯ. ಜೀವಮಾನವಿಡೀ ಸಹಿ ತಾಳೆ ನೋಡಿದ ಅಭ್ಯಾಸ. ಅವರು ಒಂದು ದಿನ ಫೋನು ಮಾಡಿ, "ಏನ್ ಮೇಷ್ಟ್ರೇ, ಹಿಮ ಬಿತ್ತೇನು?" ಎಂದು ಕೇಳಿದರು. ಫೋನಿನ ಸ್ಪೀಕರು ಹಾಕಿತ್ತು. ಹಿಂದೆ ಇಡೀ ಬಳಗ ನಗುತ್ತಿರುವುದು ನಮಗೂ ಕೇಳಿಸಿತು. ಮಾವನವರು ಕಿಟಕಿಯಿಂದ ಮಳೆ ನೋಡಿದರು.

"ಬಿದ್ದೈತ್ರೀ. ಮಣಕಾಲ ಮಟ."

ನನ್ನ ಕಾಫಿ ಮೂಗಿಗೆ ಹತ್ತಿತು. ಶೈಲಾ "ಅಪ್ಪಾಜೀ!" ಎಂದು ಕಣ್ಣು ಬಿಟ್ಟಳು. ಫೋನಿಟ್ಟ ಮೇಲೆ ಮಾವನವರು ಯಾರ ಮುಖವನ್ನೂ ನೋಡದೆ, "ಇವತ್ತಲ್ಲ ನಾಳೆ ಬೀಳತೈತಿ. ಒಂದೆರಡು ದಿನ ಮುಂಚೆ ಹೇಳೀನಿ, ಅಷ್ಟ" ಎಂದರು.

ಆ ಒಂದೆರಡು ದಿನ ಮುಗಿಯಲೇ ಇಲ್ಲ. ಕೊನೆಗೆ ನಾನು ಅವರನ್ನು ರೈಲು ಹತ್ತಿಸಿ ಆಲ್ಪ್ಸ್ ಪರ್ವತದ ಕಡೆಗೆ ಕರೆದುಕೊಂಡು ಹೋದೆ. ಹಗ್ಗದ ಮೇಲೆ ಓಡುವ ತೊಟ್ಟಿಲಲ್ಲಿ ತುದಿಗೆ ಹೋದೆವು. ತುದಿಯಲ್ಲಿ ಎಂಥ ಗಾಳಿ, ಎಂಥ ಮಂಜು ಎಂದರೆ ಹೊರಗಿನ ಜಗಲಿಗೆ ಬೀಗ ಹಾಕಿದ್ದರು. ಗಾಜಿನ ಈಚೆ ನಿಂತು ಆಚೆಯ ಬಿಳುಪನ್ನು ನೋಡಿದೆವು. ಅದು ಹಿಮವೋ, ಮಂಜೋ, ಗಾಜಿಗೆ ನಮ್ಮದೇ ಉಸಿರು ಕಟ್ಟಿದ್ದೋ ಹೇಳುವಂತಿರಲಿಲ್ಲ. ಆ ಬಿಳುಪಿನ ಮುಂದೆ ಮಾವನವರ ಫೋಟೋ ತೆಗೆದು ಬಳಗಕ್ಕೆ ಕಳಿಸಿದೆವು. ಕೊಟ್ರೇಶಪ್ಪನವರ ಉತ್ತರ ತಕ್ಷಣ ಬಂತು: "ಗ್ವಾಡಿಗೆ ಹೊಸಾ ಸುಣ್ಣ ಹೊಡಸೀರೇನು?"

ಮಾವನವರು ಊರಿಗೆ ಹೊರಟಾಗ ಸಲಿಕೆಯ ಕಡೆಗೆ ತಿರುಗಿಯೂ ನೋಡಲಿಲ್ಲ.

ಬಳ್ಳಾರಿಯಲ್ಲಿ ಅವರ ಪಾಡು ಇನ್ನೂ ಕಷ್ಟವಾಯಿತು. ಫೋಟೋ ಎಲ್ಲಿ ಎಂದು ದಿನಾ ಕೇಳುವವರಿಗೆ, ಎಲ್ಲ ಅಳಿಯನ ಕ್ಯಾಮೆರಾದಲ್ಲಿವೆ, ಬೇಸಿಗೆಯಲ್ಲಿ ಬರುವಾಗ ತರುತ್ತಾನೆ ಎಂದು ಹೇಳಿಬಿಟ್ಟಿದ್ದರು. ಅಲ್ಲಿಗೆ ಅವರ ಮಾನ ನನ್ನ ಕ್ಯಾಮೆರಾದೊಳಗೆ ಬಂದು ಕೂತಿತು, ನನ್ನ ಕ್ಯಾಮೆರಾದಲ್ಲಿ ಇದ್ದದ್ದು ಮಳೆ. ಸಾಲದ್ದಕ್ಕೆ ಆ ಕೊಟ್ರೇಶಪ್ಪನವರು ತಾವು ಮೇ ತಿಂಗಳ ಕೊನೆಗೆ ಟೂರಿನವರ ಜೊತೆ ಸ್ವಿಟ್ಜರ್ಲೆಂಡಿಗೆ ಹೋಗುವುದಾಗಿ ಕಟ್ಟೆಯ ಮೇಲೆ ಸಾರಿದರು.

"ಅವ ಸ್ವಿಟ್ಜರ್ಲೆಂಡಿನಿಂದ ಫೋಟೋ ತರೋದರೊಳಗ ನನ್ನ ಜರ್ಮನಿ ಬರಬೇಕು" ಎಂದರು ಮಾವ, ನಾವು ಮಗಳ ಶಾಲೆಗೆ ಮೇ ಕೊನೆಗೆ ಸಿಗುವ ಫಿಂಗ್‌ಸ್ಟನ್ ರಜೆಗೆ ಬಳ್ಳಾರಿಗೆ ಬಂದಿಳಿದ ದಿನವೇ. "ಅಳಿಯಂದ್ರೇ, ಮನಾಲಿಗೆ ಹೋಗಾಣ."

"ಮನಾಲಿಯಲ್ಲಿ ಜರ್ಮನಿ ಹೇಗೆ ಸಿಗುತ್ತೆ ಮಾವ?"

"ಹಿಮ ಎಲ್ಲಿದ್ರೂ ಹಿಮಾನ. ಅದಕ್ಕೇನು ಪಾಸ್‌ಪೋರ್ಟ್ ಐತೇನು?"

ಭೂಗೋಳದ ಮೇಷ್ಟ್ರೇ ಹೀಗೆ ಹೇಳಿದ ಮೇಲೆ ಬರೀ ಕಂಪ್ಯೂಟರು ಓದಿದ ನಾನೇನು ಹೇಳಲಿ? ಹೀಗೆ, ಜರ್ಮನಿಯಲ್ಲಿ ವಾಸವಾಗಿರುವ ನಾನು ಜರ್ಮನಿಯ ಫೋಟೋ ತೆಗೆಯಲು ಮಾವ, ಹೆಂಡತಿ, ಮಗಳನ್ನು ಕಟ್ಟಿಕೊಂಡು ಹಿಮಾಲಯಕ್ಕೆ ಹೊರಟೆ. ನೀಲಿ ಜಾಕೆಟ್ಟನ್ನು ನಲವತ್ತು ಡಿಗ್ರಿಯ ಬಳ್ಳಾರಿಯ ಸ್ಟೇಷನ್ನಿನಲ್ಲೇ ಮಾವನವರು ಕೈಮೇಲೆ ಹಾಕಿಕೊಂಡಿದ್ದರು. ಪೆಟ್ಟಿಗೆಯಲ್ಲಿಟ್ಟರೆ ಸುಕ್ಕಾಗುತ್ತದಂತೆ.

ಮನಾಲಿ ಚೆಂದದ ಊರು, ಅದರಲ್ಲಿ ಎರಡು ಮಾತಿಲ್ಲ. ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು ಬಂದವರಿಗೂ ಬಸ್ಸಿಳಿದ ಕೂಡಲೇ ದೇವದಾರು ಮರಗಳ ವಾಸನೆಗೆ ಜೀವ ಬರುತ್ತದೆ. ಊರಿನ ನಡುವೆ ಬಿಯಾಸ್ ನದಿ ಯಾರ ಮಾತೂ ಕೇಳಿಸದಂತೆ ಗದ್ದಲ ಮಾಡುತ್ತ ಓಡುತ್ತದೆ. ತೋಟಗಳಲ್ಲಿ ಸೇಬು ಆಗಷ್ಟೇ ನೆಲ್ಲಿಕಾಯಿಯ ಗಾತ್ರಕ್ಕೆ ಬಂದಿತ್ತು. ಎಲ್ಲದರ ಮೇಲೆ, ತಲೆ ಹಿಂದಕ್ಕೆ ಬಾಗಿಸಿದರೆ ಮಾತ್ರ ಕಾಣುವಷ್ಟು ಎತ್ತರದಲ್ಲಿ ಬಿಳಿ ಶಿಖರಗಳು. ಮಾವನವರು ಸೇತುವೆಯ ಮೇಲೆ ನಿಂತು ನದಿಯನ್ನು ಬಹಳ ಹೊತ್ತು ನೋಡಿದರು. "ವರ್ಷಾ ವರ್ಷಾ ಇದರ ಹೆಸರು ಕೂಗೀನಿ, ಮುಖ ಇವತ್ತ ಕಂಡೆ" ಎಂದರು. ಹಾಜರಿ ಪುಸ್ತಕದಲ್ಲಿ ಹೆಸರಿದ್ದೂ ಒಂದು ದಿನವೂ ತರಗತಿಗೆ ಬಾರದ ಹುಡುಗ ಬಜಾರಿನಲ್ಲಿ ಎದುರಾದ ಹಾಗೆ ಅವರ ಮುಖದಲ್ಲಿ ಸಿಟ್ಟೂ ಪ್ರೀತಿಯೂ ಇತ್ತು. ಆ ಸಂಜೆ ಅವರು ಜರ್ಮನಿಯನ್ನು ಮರೆತೇಬಿಟ್ಟಿದ್ದರು, ನನಗೂ ಅದರಿಂದ ಹಾಯೆನಿಸಿತ್ತು.

ಬೆಳಗಾಗುವುದರೊಳಗೆ ಮತ್ತೆ ನೆನಪಾಯಿತು.

ಬೇಸಿಗೆಯಲ್ಲಿ ಊರೊಳಗೆ ಹಿಮ ಇರುವುದಿಲ್ಲ. ಜೀಪು ಮಾಡಿಕೊಂಡು ಮೇಲೆ ಕಣಿವೆಯ ಕಡೆ ಹೋಗಬೇಕು. ಹೋಗುವ ದಾರಿಯುದ್ದಕ್ಕೂ ಬಾಡಿಗೆ ಕೋಟಿನ ಅಂಗಡಿಗಳು. ಚಿರತೆಯ ಚುಕ್ಕೆಯ ತುಪ್ಪಳದ ಕೋಟು, ಕೆಂಪು ಹಳದಿಯ ಅಂಗಿ ಚಡ್ಡಿ ಒಂದೇ ಆದ ಉಡುಪು, ರಬ್ಬರಿನ ಬೂಟು, ಬೆನ್ನ ಮೇಲೆ ದೊಡ್ಡದಾಗಿ ಬರೆದ ಅಂಗಡಿಯ ನಂಬರು. ಜೀಪಿಗೆ ಮನುಷ್ಯರಾಗಿ ಹತ್ತಿದವರೆಲ್ಲ ಹಿಮದ ಹತ್ತಿರ ಇಳಿಯುವಾಗ ಕರಡಿಗಳಾಗಿ ಇಳಿಯುತ್ತಾರೆ. ನಮ್ಮ ಡ್ರೈವರು ತನ್ನ ಭಾವನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ. ಮಾವನವರು ಇಳಿಯಲಿಲ್ಲ.

"ಜರ್ಮನಿಯಾಗ ಯಾರೂ ಚಿಗರಿ ಚಿರತಿ ಹಾಕ್ಕೊಂಡು ತಿರುಗಲ್ಲಪ. ನಡೀ" ಎಂದು ಅವನಿಗೆ ಅಪ್ಪಟ ಬಳ್ಳಾರಿ ಕನ್ನಡದಲ್ಲೇ ಹೇಳಿದರು. ಮಾತು ತಿಳಿಯದಿದ್ದರೂ ಮೇಷ್ಟ್ರ ದನಿ ತಿಳಿದು ಅವನು ಗಾಡಿ ಬಿಟ್ಟ.

ಹಿಮವಿದ್ದ ಜಾಗ ಒಂದು ಜಾತ್ರೆಯೇ ಸರಿ. ಜೀಪುಗಳು, ಕುದುರೆಗಳು, ಟೀ ಕೆಟಲುಗಳು, ನೂಡಲ್ಸ್ ಅಂಗಡಿಯ ಹೊಗೆ, ಸುಟ್ಟ ಜೋಳ, ಕೊರಳಿಗೆ ಗಂಟೆ ಕಟ್ಟಿದ ಯಾಕ್ ಎಂಬ ಉದ್ದ ಕೂದಲಿನ ದನಗಳು. ರಸ್ತೆಯ ಅಂಚಿನ ಹಿಮ ಟೈರಿನ ಕೆಸರಿಗೆ ಕಪ್ಪಾಗಿತ್ತು. ಸ್ವಲ್ಪ ಮೇಲಕ್ಕೆ ಹತ್ತಿದರೆ ಮಾತ್ರ ಬಿಳಿ. ಮಾವನವರು ನನ್ನ ಭುಜ ಹಿಡಿದು ಹತ್ತಿದರು. ಬಿಳಿಯ ಮೇಲೆ ಮೊದಲ ಹೆಜ್ಜೆ ಇಟ್ಟವರು ಅಲ್ಲೇ ನಿಂತರು. ಇನ್ನೊಂದು ಹೆಜ್ಜೆ ಇಟ್ಟು ಮತ್ತೆ ನಿಂತರು.

"ಸಪ್ಪಳಾ ಮಾಡತೈತಲ್ರೀ" ಎಂದರು ನನ್ನ ಕಡೆ ತಿರುಗಿ. "ರವೆ ಚೀಲದ ಮ್ಯಾಲೆ ಕಾಲಿಟ್ಟಂಗ. ಪಾಠದಾಗ ಇದನ್ನ ಬರದೇ ಇಲ್ಲ. ನಾನೂ ಹೇಳಿಲ್ಲ."

ಅವರ ದನಿ ಸ್ವಲ್ಪ ನಡುಗಿತು. ಇಷ್ಟಕ್ಕೇ ಕೈಮುಗಿದು ಮನೆಗೆ ಹೋಗಬಹುದಿತ್ತು. ಆದರೆ ಅವರು ಕೈ ಒರೆಸಿಕೊಂಡು, ಜಾಕೆಟ್ಟಿನ ಜಿಪ್ಪು ಎಳೆದು, "ಹುಂ, ತಗೀರಿ ಫೋಟೋ" ಎಂದರು.

ಮನಾಲಿಯಲ್ಲಿ ನಿಂತು ಜರ್ಮನಿಯನ್ನು ತೆಗೆಯುವುದು ನೀವು ಅಂದುಕೊಂಡಷ್ಟು ಸುಲಭವಲ್ಲ. ಎಡಕ್ಕೆ ನಿಲ್ಲಿಸಿದರೆ ಹಿಂದಿ ಬೋರ್ಡು. ಬಲಕ್ಕೆ ನಿಲ್ಲಿಸಿದರೆ ಗುಜರಾತಿನ ಒಂದು ಕುಟುಂಬ ಸಾಲಾಗಿ ಹಳದಿ ಉಡುಪಿನಲ್ಲಿ ಗಾಂಠಿಯಾ ತಿನ್ನುತ್ತಿತ್ತು. ನೇರ ನಿಲ್ಲಿಸಿದರೆ ಯಾಕ್. ಯಾಕಿನವನು ನಾವು ಎಲ್ಲಿ ಕ್ಯಾಮೆರಾ ಹಿಡಿದರೂ, "ಫೋಟೋ ಸಾಬ್, ಫೋಟೋ" ಎಂದು ಅದನ್ನು ತಂದು ಚೌಕಟ್ಟಿನೊಳಗೆ ನಿಲ್ಲಿಸುತ್ತಿದ್ದ. ಎಲ್ಲ ತಪ್ಪಿಸಿ ಒಂದು ಕೋನ ಹಿಡಿದರೆ ಹಿಂದೆ ಮುಗಿಲು ತಿವಿಯುವ ಶಿಖರ ಬಂತು. ಮಾವನವರು ಅದನ್ನು ನೋಡಿ ಸಂಕಟಪಟ್ಟರು. ನಮ್ಮ ಎರ್ಲಾಂಗೆನ್ ರೊಟ್ಟಿಯ ಹೆಂಚಿನ ಹಾಗೆ ಚಪ್ಪಟೆ ಊರು ಎಂಬುದು ಅವರಿಗೆ ಗೊತ್ತಿತ್ತು.

"ಸುಳ್ಳು ಹೇಳಿದ್ದಕ್ಕ ಬ್ಯಾಸರಿಲ್ಲ. ಹಿಮಾಲಯ ಎತ್ತಿ ಜರ್ಮನಿಯಾಗ ಇಟ್ಟಂಗಾತಲ್ಲ, ಅದು ಮನಸ್ಸಿಗೆ ಹಿಡಸವಲ್ದು" ಎಂದರು.

ಅಷ್ಟರಲ್ಲಿ ಮಗಳು ನಿಧಿಯ ಸರದಿ. ಅವಳು ಒಂದನೇ ಕ್ಲಾಸು. ಅಜ್ಜನ ಪಕ್ಕದಲ್ಲಿ ನಿಂತು, ವೀಡಿಯೋದಲ್ಲಿ ಕೈ ಬೀಸಿ, "ಜರ್ಮನಿಯಿಂದ ನಮಸ್ಕಾರ" ಎನ್ನಬೇಕು ಎಂದು ಹೇಳಿಕೊಟ್ಟಿತ್ತು. ಅವಳು ಸುತ್ತಲೂ ನೋಡಿದಳು, ಸೊಂಟದ ಮೇಲೆ ಕೈಯಿಟ್ಟಳು.

"ಆಬರ್ ದಾಸ್ ಇಸ್ಟ್ ಡೋಖ್ ಇಂಡಿಯೆನ್!" ಎಂದಳು. ಇದು ಇಂಡಿಯಾ ಅಲ್ಲವಾ ಮತ್ತೆ, ಎಂದು ಅವಳ ತಕರಾರು. ಶೈಲಾ ಎಷ್ಟು ಪುಸಲಾಯಿಸಿದರೂ ಬಗ್ಗಲಿಲ್ಲ. ಜರ್ಮನಿಯಲ್ಲಿ ಬೆಳೆಯುವ ಮಕ್ಕಳ ತೊಂದರೆ ಇದು, ಇದ್ದದ್ದನ್ನು ಇದ್ದ ಹಾಗೇ ಹೇಳುತ್ತವೆ. ಕೊನೆಗೆ ಮಾವನವರೇ, "ಇರ್ಲಿ ಬಿಡು. ಜರ್ಮನ್ ಭಾಷೆಯಾಗ ಹೇಳ್ಯಾಳ, ಬಳ್ಳಾರಿಯಾಗ ಯಾರಿಗೆ ತಿಳೀತೈತಿ? ಇದ ಪಸಂದೈತಿ" ಎಂದು ಆ ವೀಡಿಯೋವನ್ನೇ ಇಟ್ಟುಕೊಂಡರು.

ಹೀಗೆ ಜರ್ಮನಿ ಅರ್ಧ ಕಟ್ಟಿ ಮುಗಿದಿತ್ತು. ಆಗ ನಮ್ಮ ಹಿಂದಿನಿಂದ, ಬಾಯ್ತುಂಬ ಜೋಳ ಇಟ್ಟುಕೊಂಡ ದನಿಯೊಂದು ಬಂತು.

"ನಮಸ್ಕಾರ್ರೀ ಮೇಷ್ಟ್ರೇ!"

ತಿರುಗಿ ನೋಡಿದೆವು. ಕಾಲಿನವರೆಗೆ ಚಿರತೆ ಕೋಟು, ರಬ್ಬರ್ ಬೂಟು, ಕೈಯಲ್ಲಿ ಅರ್ಧ ತಿಂದ ತೆನೆ. ಕೊಟ್ರೇಶಪ್ಪನವರು! ಎಷ್ಟೋ ವರ್ಷದ ಅಭ್ಯಾಸಕ್ಕೆ ನಮಸ್ಕಾರ ಬಾಯಿಂದ ತಾನಾಗಿ ಹೊರಬಿದ್ದಿತ್ತು. ತಾವು ಎಲ್ಲಿದ್ದೇವೆ, ಎಲ್ಲಿರಬೇಕಾಗಿತ್ತು ಎಂಬುದು ಆಮೇಲೆ ನೆನಪಾಯಿತು. ತೆನೆ ನಿಧಾನವಾಗಿ ಕೆಳಗಿಳಿಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ನಾನು ಶೈಲಾಳ ಮುಖ ನೋಡಿದೆ, ಶೈಲಾ ಆಕಾಶ ನೋಡಿದಳು.

ಮೊದಲು ಮಾತಾಡಿದವರು ಮಾವನವರು.

"ಯಾವಾಗ ಬಂದ್ರಿ ಸ್ವಿಟ್ಜರ್ಲೆಂಡಿಗೆ?"

"ನಿನ್ನೆ ಸಂಜಿಮುಂದ ಬಂದ್ವಿ." ಕೊಟ್ರೇಶಪ್ಪನವರು ಗಂಟಲು ಸರಿಮಾಡಿಕೊಂಡರು. "ನೀವಿನ್ನೂ ಜರ್ಮನಿಯಾಗ ಅದೀರೇನು?"

"ಇಲ್ಲೇ ಅದೀನಿ."

"ಹವಾ ಹೆಂಗೈತಿ ಆ ಕಡೆ?"

"ಚಲೋ ಐತಿ. ನಿಮ್ಮ ಕಡೆ?"

"ನಮ್ಮ ಕಡೆಗೂ ಚಲೋ ಐತಿ."

ಇಬ್ಬರೂ ನಗಲಿಲ್ಲ. ನಾಚಿಕೆಪಟ್ಟುಕೊಳ್ಳಲೂ ಇಲ್ಲ. ಎರಡು ದೇಶದ ರಾಯಭಾರಿಗಳ ಹಾಗೆ ಗಂಭೀರವಾಗಿ ನಿಂತಿದ್ದರು. ಆಮೇಲೆ ಮಾವನವರ ಮುಖ ಇದ್ದಕ್ಕಿದ್ದಂತೆ ಬೆಳಗಿತು.

"ಕೊಟ್ರೇಶಪ್ಪ, ಈ ಎರಡೂ ದೇಶ ಬಾಜೂ ಬಾಜೂ ಅದಾವ. ನಡುವ ಗಡಿ ಐತಿ. ನಕಾಶೆ ನೋಡಿರೇನು?"

"ಹೌದೇನ್ರೀ?"

"ಹೌದಂದ್ರ ಹೌದು. ದಕ್ಷಿಣಕ್ಕ ನೀವು, ಉತ್ತರಕ್ಕ ನಾನು."

ಶೈಲಾಳ ಕೈಯಿಂದ ಕೊಡೆ ಇಸಿದುಕೊಂಡು, ಸೂರ್ಯ ಎಲ್ಲಿದ್ದಾನೆಂದು ನೋಡಿ ದಿಕ್ಕು ಗೊತ್ತುಮಾಡಿ, ಅವರು ಹಿಮದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದರು. ಸುಮ್ಮನೆ ನೇರ ಗೆರೆಯಲ್ಲ. ಆ ಎರಡು ದೇಶಗಳ ನಡುವೆ ಹರಿಯುವ ರೈನ್ ನದಿ ಎಲ್ಲೆಲ್ಲಿ ತಿರುಗುತ್ತದೋ ಅಲ್ಲಲ್ಲಿ ತಿರುಗಿಸಿ, ನಡುವೆ ಒಂದು ಸರೋವರಕ್ಕೂ ಜಾಗ ಬಿಟ್ಟು ಎಳೆದರು. ಬೆಳಗಿನಿಂದ ಭೂಗೋಳಕ್ಕೆ ಅನ್ಯಾಯವಾಯಿತೆಂದು ಕೊರಗುತ್ತಿದ್ದವರಿಗೆ ಕೊನೆಗೂ ಒಂದು ವಿಷಯ ಸರಿಹೋಯಿತು. ಗುಜರಾತಿನ ಕುಟುಂಬ ಗಾಂಠಿಯಾ ಬಿಟ್ಟು ನೋಡಲು ಬಂತು. ಅವರ ಮುದುಕರೊಬ್ಬರು ಗೆರೆ ದಾಟಲು ಹೋದಾಗ ಕೊಟ್ರೇಶಪ್ಪನವರು, "ಏ ಏ, ಈ ಕಡೆ ಬರಬ್ಯಾಡ್ರೀ" ಎಂದು ತಡೆದರು.

ಗೆರೆಯ ಆಚೆ ಒಬ್ಬರು, ಈಚೆ ಒಬ್ಬರು ನಿಂತು ಕೈ ಕುಲುಕಿದರು. ನಾನು ಕ್ಯಾಮೆರಾ ಎತ್ತಿದೆ. ಅದೇ ಹೊತ್ತಿಗೆ ಯಾಕ್ ನಡೆದು ಬಂದು ದಕ್ಷಿಣದ ಕಡೆ ನಿಂತಿತು.

"ಅದು ನಿಮ್ಮ ದೇಶದಾಗ ಐತಿ, ನೀವ ನೋಡ್ಕೋರಿ" ಎಂದರು ಮಾವ.

"ಇರ್ಲಿ ತಗೀರಿ. ಸ್ವಿಟ್ಜರ್ಲೆಂಡಿನ ಆಕಳು ಹಿಂಗ ಇರ್ತಾವ ಅಂತ ಹೇಳ್ತೀನಿ."

ಫೋಟೋ ಆಯಿತು. ಆದ ಮೇಲೆ ಏನನ್ನಿಸಿತೋ, ಕೊಟ್ರೇಶಪ್ಪನವರು ಬಗ್ಗಿ ಒಂದು ಹಿಡಿ ಹಿಮ ತೆಗೆದು ಮಾವನವರ ಎದೆಗೆ ಎಸೆದರು. ಮಾವನವರು ತಿರುಗಿ ಎಸೆದರು. ಆಮೇಲೆ ಆ ಇಬ್ಬರು ಅಜ್ಜಂದಿರು ಗಡಿಯನ್ನೆಲ್ಲ ತುಳಿದು ಅಳಿಸಿಹಾಕುವ ತನಕ ಎಸೆದಾಡಿದರು. ಮಾವನವರು ಹಾಗೆ ನಗುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಶೈಲಾ ಕಣ್ಣೊರೆಸಿಕೊಂಡಳು.

ಬಳ್ಳಾರಿಯಲ್ಲಿ ಆ ಫೋಟೋ ದೊಡ್ಡ ಹೆಸರು ಮಾಡಿತು. ಊರಿನ ಇಬ್ಬರು ಗೆಳೆಯರು ಯುರೋಪಿನ ಗಡಿಯಲ್ಲಿ ಅಕಸ್ಮಾತ್ತಾಗಿ ಭೇಟಿಯಾದದ್ದನ್ನು ಬಳಗದವರು ಮನೆಮನೆಯಲ್ಲಿ ಹೇಳಿದರು. ಚಳಿಗಾಲದಲ್ಲಿ ವಾಪಸು ಬಂದ ಮೇಷ್ಟ್ರು ಮೇ ತಿಂಗಳಲ್ಲಿ ಜರ್ಮನಿಗೆ ಮತ್ತೆ ಯಾವಾಗ ಹೋದರು ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದ ಒಬ್ಬರೇ ಒಬ್ಬರು ಫೋಟೋದಲ್ಲಿದ್ದರಲ್ಲ. ಯಾರೋ ಅದಕ್ಕೆ ಕಟ್ಟು ಹಾಕಿಸಿ ತಮ್ಮ ಅಂಗಡಿಯಲ್ಲಿ ತೂಗುಹಾಕಿದರು. ಮಾವನವರು ಮೊದಲಿನ ಹಾಗೆ ಎದೆಯೆತ್ತಿ ಎರಡು ಸುತ್ತು ನಡೆಯತೊಡಗಿದರು. ನನ್ನ ಕೆಲಸ ಮುಗಿಯಿತು ಎಂದುಕೊಂಡು ನಾನು ಎರ್ಲಾಂಗೆನ್ನಿಗೆ ಬಂದೆ.

ಕಳೆದ ವಾರ ಇಲ್ಲಿ ಹಿಮ ಬಿತ್ತು. ನಮ್ಮದೇ ಸರದಿ. ಬೆಳಿಗ್ಗೆ ಸಲಿಕೆ ಹಿಡಿದು ಹೊರಗೆ ಬಂದರೆ ಮರ, ಸೈಕಲ್ಲು, ಕಸದ ಡಬ್ಬಿ ಎಲ್ಲವೂ ಬೆಳ್ಳಗೆ, ನನ್ನ ಮೊಣಕಾಲ ಮಟ. ಮಾವನವರು ಹೇಳಿದ್ದ ಹಿಮವೇ, ಸ್ವಲ್ಪ ತಡವಾಗಿ ಬಂದಿತ್ತು. ನನಗೆ ಸಂತೋಷ ತಡೆಯಲಾಗದೆ ಸಲಿಕೆ ಹಿಡಿದ ನನ್ನದೇ ಒಂದು ಫೋಟೋ ತೆಗೆದು ಅವರಿಗೆ ಕಳಿಸಿದೆ. ಅವರಿಗೂ ತಡೆಯಲಾಗಲಿಲ್ಲ. 'ನಮ್ಮ ಅಳಿಯಂದಿರು, ಜರ್ಮನಿ, ಇವತ್ತು ಬೆಳಿಗ್ಗೆ' ಎಂದು ಬರೆದು ಬಳಗದ ಗ್ರೂಪಿಗೆ ಹಾಕಿಬಿಟ್ಟರು.

ಬಳಗ ಫೋಟೋವನ್ನು ದೊಡ್ಡದು ಮಾಡಿ ನೋಡಿತು. ಬೆಟ್ಟ ಎಲ್ಲಿ ಎಂದು ಒಬ್ಬರು ಕೇಳಿದರು. ಆ ಉದ್ದ ಕೂದಲಿನ ಆಕಳು ಎಲ್ಲಿ ಎಂದು ಇನ್ನೊಬ್ಬರು. ಹಿಂದಿರುವ ಮನೆಗಳು ಯಾವುದೋ ಫ್ಯಾಕ್ಟರಿಯ ಕ್ವಾರ್ಟರ್ಸ್ ಇದ್ದ ಹಾಗಿವೆ ಎಂದು ಮತ್ತೊಬ್ಬರು. ಕೊನೆಗೆ ಎಲ್ಲರೂ ಕೊಟ್ರೇಶಪ್ಪನವರ ಕಡೆ ತಿರುಗಿದರು, ಆ ಭಾಗವನ್ನು ಕಣ್ಣಾರೆ ಕಂಡವರು ಅವರು ತಾನೇ. ಪಾಪ, ಅವರಾದರೂ ಏನು ಮಾಡಿಯಾರು? ಜರ್ಮನಿ ಚಪ್ಪಟೆ ಎಂದು ಒಪ್ಪಿದರೆ ಅವರ ಸ್ವಿಟ್ಜರ್ಲೆಂಡ್ ಮುಳುಗಿಹೋಗುತ್ತದೆ. "ನಾನು ಗಡಿಯಿಂದ ನೋಡೀನಿ. ಇದು ಜರ್ಮನಿ ಅಲ್ಲ" ಎಂದು ತೀರ್ಪು ಕೊಟ್ಟರು.

ಆ ಸಂಜೆ ಮಾವನವರ ಫೋನು ಬಂತು. ದನಿ ಬಹಳ ಮೆತ್ತಗಿತ್ತು.

"ಅಳಿಯಂದ್ರೇ, ತಪ್ಪು ತಿಳಕೋಬ್ಯಾಡ್ರಿ. ನೀವು ಜರ್ಮನಿಯಾಗ ಅದೀರಿ ಅನ್ನೋದು ನನಗೊಬ್ಬನಿಗೆ ಗೊತ್ತೈತಿ. ಅಷ್ಟು ಸಾಕಲ್ಲ?"

"ಸಾಕು ಮಾವ" ಎಂದೆ. ಸಪ್ಪಳ ಮಾಡುವ ಹಿಮದ ಮೇಲೆ ನಿಂತಿದ್ದ ಅವರ ಮುಖ ಕಣ್ಣ ಮುಂದೆ ಬಂತು.

ಆದರೆ ಊರಿಗೆ ಅಷ್ಟು ಸಾಕಾಗಲಿಲ್ಲ. ನಿನ್ನೆ ಶೈಲಾಳ ಚಿಕ್ಕಮ್ಮ ಫೋನು ಮಾಡಿ, "ಅಳಿಯಂದ್ರಿಗೆ ಕೆಲಸ ಹೋಗೈತಂತ, ಎಲ್ಲೋ ಸಲಿಕಿ ಹಿಡಕೊಂಡು ಕೂಲಿ ಮಾಡ್ತಾರಂತ, ಹೌದೇನವ್ವಾ? ಮುಚ್ಚಿಡಬ್ಯಾಡ, ನಾವೆಲ್ಲ ಅದೀವಿ" ಎಂದು ಅತ್ತರಂತೆ. ಶೈಲಾ ಕಿಟಕಿಯಿಂದ ವೀಡಿಯೋದಲ್ಲಿ ನಮ್ಮ ಬೀದಿ ತೋರಿಸಿದಳು, ನಿಧಿಯಿಂದ ಜರ್ಮನ್ ಮಾತಾಡಿಸಿದಳು, ಫ್ರೌ ಲಿಂಡ್ನರರನ್ನೇ ಮೇಲಕ್ಕೆ ಕರೆತಂದು ಕೈ ಬೀಸಿಸಿದಳು. ಚಿಕ್ಕಮ್ಮ ಎಲ್ಲವನ್ನೂ ನೋಡಿ, ಕಣ್ಣೊರೆಸಿಕೊಂಡು, ಬೆಟ್ಟ ಎಲ್ಲಿ ಎಂದು ಕೇಳಿದರು.

ಬರುವ ಫಿಂಗ್‌ಸ್ಟನ್ ರಜೆಗೆ ನಾವು ಮತ್ತೆ ಮನಾಲಿಗೆ ಹೋಗುತ್ತಿದ್ದೇವೆ. ನಾನು ಜರ್ಮನಿಯಲ್ಲಿರುವ ಒಂದು ಒಳ್ಳೆಯ ಫೋಟೋ ತೆಗೆಸಿಕೊಂಡು ಬರಬೇಕು.